ಕೊಡಗಿನಲ್ಲಿ ಉಪ್ಪು ನೀರು, ಸುಟ್ಟ ಸಸಿ, ಗೊಬ್ಬರದ ತಪ್ಪು

ನಮ್ಮ ನರ್ಸರಿಯ ಬೋರ್ ನೀರು ಉಪ್ಪು ಅಂದರೆ, ಕೊಡಗಿನಲ್ಲಿ ಉಪ್ಪು ನೀರಾ ಎಂದು ಎಲ್ಲರೂ ಕೇಳುತ್ತಾರೆ. ಮಡಿಕೇರಿ ಕಡೆಯವರಂತೂ ನಂಬುವುದೇ ಇಲ್ಲ. ಅವರಲ್ಲಿ ವರ್ಷಕ್ಕೆ ಸುಮಾರು 120 ಇಂಚು ಮಳೆ, ಕೊಲ್ಲಿ (ಸಣ್ಣ ತೊರೆ) ನೀರು, ಬಾವಿ ನೀರು, ಎಲ್ಲವೂ ಸಿಹಿ. ನಾವಿರುವುದು ಕುಶಾಲನಗರ ದಾಟಿ ಹೆಬ್ಬಾಲೆ, ಶಿರಂಗಾಲದ ಕಡೆ. ಅವರ ಮಳೆಯ ಮೂರನೇ ಒಂದು ಪಾಲು ನಮ್ಮಲ್ಲಿ ಬಿದ್ದರೆ ಅದೇ ಜಾಸ್ತಿ. ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ, ಹಾರಂಗಿ ನಾಲೆಯೂ ಇದೆ. ಆದರೆ ನಮ್ಮ ಜಮೀನು ಸ್ವಲ್ಪ ಎತ್ತರದಲ್ಲಿದೆ, ನಾಲೆ ನೀರು ಏರುವುದಿಲ್ಲ. ಹಾಗಾಗಿ ಬೋರ್‌ವೆಲ್ಲೇ ಗತಿ.

ಮೊದಲು ಆ ಜಾಗದಲ್ಲಿ ಶುಂಠಿ ಹಾಕುತ್ತಿದ್ದೆವು. ಕೊಳೆ ರೋಗ ಬಂದು ಎರಡು ವರ್ಷ ಕೈಗೆ ಏನೂ ಸಿಗಲಿಲ್ಲ. ಆಮೇಲೆ ಮಾವನೂ ನಾನೂ ಕೂತು ಯೋಚಿಸಿ ಅರ್ಧ ಎಕರೆಯಲ್ಲಿ ನರ್ಸರಿ ಶುರು ಮಾಡಿದೆವು. ತೋಟದವರು ಜೂನ್‌ನಲ್ಲಿ ನೆರಳಿಗೆ ಸಿಲ್ವರ್ (ಸಿಲ್ವರ್ ಓಕ್ ಸಸಿ) ಕೇಳುತ್ತಾರೆ, ಬಯಲು ಸೀಮೆಯವರು ಹೆಬ್ಬೇವು, ಹೊಂಗೆ ಕೇಳುತ್ತಾರೆ. ಅದರ ಜೊತೆಗೆ ಹುಣಸೆ, ನೆಲ್ಲಿ, ಬೇವು, ಹಲಸು, ಒಂದಿಷ್ಟು ಕಾಫಿ ಗಿಡ. ಒಟ್ಟು 6,000 ಕವರ್, ಅಂದರೆ ಮಣ್ಣು ತುಂಬಿ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ. ಕಾಫಿ ನರ್ಸರಿಯಲ್ಲಿ ಹೇಳುವ ಲೆಕ್ಕದಲ್ಲೇ ಮಣ್ಣು ಕಲಸಿದೆವು: ಆರು ಪಾಲು ಕಾಡು ಮಣ್ಣು, ಎರಡು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕೊಡಗಿನ ಮಣ್ಣು ಹುಳಿ ಅಂತ ರೂಢಿಯಂತೆ ಸ್ವಲ್ಪ ಸುಣ್ಣವನ್ನೂ ಬೆರೆಸಿದೆವು. ಈ ಸುಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜನವರಿ, ಫೆಬ್ರವರಿ ಚೆನ್ನಾಗಿಯೇ ಕಳೆಯಿತು. ಬೀಜ ಮೊಳೆತವು, ಸಸಿಗಳನ್ನು ಮಡಿಯಿಂದ ಕವರಿಗೆ ಬದಲಿಸಿದೆವು. ದಿನಾ ಸಂಜೆ ರೋಸ್ ಕ್ಯಾನ್‌ನಲ್ಲಿ ತಲೆ ಮೇಲಿಂದಲೇ ನೀರು. ಮಾರ್ಚ್ ಕೊನೆಯಲ್ಲಿ ಮೊದಲು ಕಾಫಿ ಗಿಡದ ಎಲೆ ತುದಿ ಕಂದಾಯಿತು. ಯಾರೋ ಎಲೆಯ ಅಂಚಿಗೆ ಬೆಂಕಿ ಕಡ್ಡಿ ತಾಗಿಸಿದ ಹಾಗೆ. ಹಳೆಯ ಎಲೆ ಮೊದಲು, ಆಮೇಲೆ ಮೇಲಿನದು. ವಾರ ಕಳೆಯುವುದರೊಳಗೆ ಸಿಲ್ವರ್‌ಗೂ ಬಂತು. ಬಿಸಿಲು ಜಾಸ್ತಿ ಆಯಿತು ಅಂದುಕೊಂಡು ಮೇಲೆ ಇನ್ನೊಂದು ಪದರ ನೆರಳು ಪರದೆ ಕಟ್ಟಿಸಿದೆ. ಏನೂ ಬದಲಾಗಲಿಲ್ಲ.

ಗೊಬ್ಬರದ ಅಂಗಡಿಯಲ್ಲಿ ಎಲೆ ತೋರಿಸಿದೆ. ಪೋಷಕಾಂಶ ಸಾಲದು ಮೇಡಂ ಅಂದರು. ಎಲೆ ಅಂಚು ಒಣಗಿದರೆ ಪೊಟ್ಯಾಷ್ ಕಮ್ಮಿ ಅಂತಲೇ ಅರ್ಥ ಎಂದು ಪೊಟ್ಯಾಷೂ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ 19:19:19 ಗೊಬ್ಬರವನ್ನೂ ಕೊಟ್ಟರು. ಅವರು ಹೇಳಿದ್ದರಲ್ಲಿ ಪೂರ್ತಿ ಸುಳ್ಳೇನಿಲ್ಲ, ಪೊಟ್ಯಾಷ್ ಕೊರತೆಯಲ್ಲೂ ಹಳೆಯ ಎಲೆಯ ಅಂಚು ಹೀಗೇ ಒಣಗುತ್ತದೆ. ಆದರೆ ನೀರು ಎಲ್ಲಿಂದ ತರುತ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಲೀಟರಿಗೆ 5 ಗ್ರಾಂನಂತೆ 19:19:19 ಕಲಸಿ ಎಲ್ಲಾ ಕವರಿಗೂ ಹೊಯ್ದೆವು. ಸಿಲ್ವರ್‌ಗೆ ಮೇಲೆ ಚಿಟಿಕೆ ಪೊಟ್ಯಾಷ್ ಬೇರೆ.

ಹತ್ತು ದಿನ ಆಗಿರಲಿಲ್ಲ. ಕೆಲಸಕ್ಕೆ ಬರುವ ಅಕ್ಕ ಬೆಳಿಗ್ಗೆ ಓಡಿ ಬಂದು, "ಅಕ್ಕಾ, ಸಿಲ್ವರ್ ಎಲ್ಲಾ ತಲೆ ಬಗ್ಗಿಸಿ ನಿಂತಿದಾವೆ, ಮಣ್ಣು ಮಾತ್ರ ಒದ್ದೆ ಇದೆ" ಅಂದರು. ಹೋಗಿ ನೋಡಿದರೆ ಹೌದು. ಮಣ್ಣಿನಲ್ಲಿ ಕೈಯಿಟ್ಟರೆ ತೇವ. ಗಿಡ ನೋಡಿದರೆ ಮೂರು ದಿನ ನೀರು ಕಾಣದ ಹಾಗೆ ಬಾಡಿದೆ. ಆ ವಾರದಲ್ಲಿ 900ಕ್ಕೂ ಹೆಚ್ಚು ಸಿಲ್ವರ್ ಹೋದವು, ಕಾಫಿ ಮುಕ್ಕಾಲು ಪಾಲು ಹೋಯಿತು. ಒಂದೊಂದನ್ನೂ ನಾವೇ ಬೀಜದಿಂದ ಎಬ್ಬಿಸಿ ಬದಲಿಸಿದ ಗಿಡಗಳು. ಕಿತ್ತು ರಾಶಿ ಹಾಕುವಾಗ ಮಾವ ಒಂದು ಮಾತೂ ಆಡಲಿಲ್ಲ, ಸುಮ್ನೆ ಖಾಲಿ ಕವರ್ ಎಣಿಸುತ್ತಿದ್ದರು.

ಕವರಿನ ಬಾಯಿ ಸುತ್ತ ಬಿಳಿ ಪುಡಿ ಕಟ್ಟಿದ್ದನ್ನು ತೋರಿಸಿದ್ದು ಅವರೇ. ಕೊನೆಗೆ ಒಂದು ಚೂರು ನಾಲಗೆಗೆ ಇಟ್ಟು ನೋಡಿ, "ಏನವ್ವಾ, ಇದು ಉಪ್ಪಲ್ವಾ?" ಅಂದರು. ಅಡುಗೆ ಮನೆಯಲ್ಲಿ ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಅತ್ತೆ ಎಷ್ಟೋ ಸಲ ಹೇಳಿದ್ದರು. ಸ್ನಾನಕ್ಕೆ ಸೋಪು ನೊರೆ ಬರುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಗಿಡಕ್ಕೆ ಅದೇ ನೀರು ಹೋಗುತ್ತಿದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ನೀರಿನಲ್ಲಿ ಕರಗಿದ ಲವಣ ತೋರಿಸುವ ಒಂದು ಟಿಡಿಎಸ್ ಪೆನ್ ತರಿಸಿದೆ. ನಮ್ಮ ಬೋರು 1,050 ತೋರಿಸಿತು. ಒಂದು ಬಾಟಲಿ ನೀರನ್ನು ಪರೀಕ್ಷೆಗೂ ಕೊಟ್ಟೆ. ವರದಿಯಲ್ಲಿ ಇ.ಸಿ. (ನೀರಿನ ವಿದ್ಯುತ್ ವಾಹಕತೆ, ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿ) 2.1, ಕರಗಿದ ಲವಣ ಲೀಟರಿಗೆ ಸುಮಾರು 1,340 ಮಿಲಿಗ್ರಾಂ, ಪಿಹೆಚ್ (ಹುಳಿ-ಕ್ಷಾರದ ಅಳತೆ) 8.1, ಸೋಡಿಯಂ, ಕ್ಲೋರೈಡ್, ಬೈಕಾರ್ಬನೇಟ್ ಎಲ್ಲವೂ ಜಾಸ್ತಿ. ಪೆನ್ನಿಗೂ ವರದಿಗೂ ಯಾಕೆ ಹೊಂದುವುದಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಸರಳ. ಎರಡೂ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನೇ, ಅದೇ ಇ.ಸಿ. ಅದನ್ನು ಲವಣದ ತೂಕಕ್ಕೆ ಬದಲಿಸುವಾಗ ಪೆನ್ನು 500ರಿಂದ ಗುಣಿಸುತ್ತದೆ, ಲ್ಯಾಬಿನವರು 640ರಿಂದ. ಹಾಗಾಗಿ ಯಾರಾದರೂ ನರ್ಸರಿ ಮಾಡುವವರಿದ್ದರೆ ಟಿಡಿಎಸ್ ಸಂಖ್ಯೆ ಹಿಡಿದು ಕೂರಬೇಡಿ, ಇ.ಸಿ. ತೋರಿಸುವ ಮೀಟರ್ ತಗೊಳ್ಳಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಕೊಟ್ಟ ಅಳತೆಯನ್ನೇ ಈಗಲೂ ಎಲ್ಲರೂ ಬಳಸುತ್ತಾರೆ. ನೀರಾವರಿ ನೀರಿನ ಇ.ಸಿ. 0.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 0.7ರಿಂದ 3ರವರೆಗೆ ಎಚ್ಚರ ಬೇಕು. 3 ದಾಟಿದರೆ ಕಷ್ಟ. ನಮ್ಮದು ನಡುವಿನಲ್ಲಿದೆ. ಹೊಲದಲ್ಲಿ ಬೆಳೆದ ತೆಂಗಿಗೆ ಇದೇ ನೀರು ಹರಿಸಿದರೆ ಏನೂ ಆಗುತ್ತಿರಲಿಲ್ಲ. ಕವರಿನೊಳಗಿನ ಸಣ್ಣ ಸಸಿಯ ಕಥೆ ಬೇರೆ, ಅದರ ಬೇರಿಗೆ ಓಡಿ ಹೋಗಲು ಜಾಗವೇ ಇಲ್ಲ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ಕವರಿಗೆ ದಿನಕ್ಕೆ 200 ಎಂಎಲ್ ನೀರು, 90 ದಿನ. ಒಟ್ಟು 18 ಲೀಟರ್. ಲೀಟರಿಗೆ 1.34 ಗ್ರಾಂ ಲವಣದಂತೆ 24 ಗ್ರಾಂ. ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಲವಣವನ್ನು ಯಾರೂ ಕುಡಿಯುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಒಂದೂವರೆ ಕಿಲೋ ಮಣ್ಣಿನ ಕವರಿನಲ್ಲಿ 24 ಗ್ರಾಂ! ಅದೂ ನಾವು ಕವರುಗಳ ಕೆಳಗೆ ಬೇರು ನೆಲಕ್ಕೆ ಇಳಿಯದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿದ್ದೆವು, ತಳದ ತೂತು ಮುಚ್ಚಿಹೋಗಿತ್ತು. ಒಳಗೆ ಬಂದದ್ದು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮಣ್ಣು ಒದ್ದೆ ಇದ್ದೂ ಗಿಡ ಬಾಡುವುದಕ್ಕೆ ಕಾರಣವೂ ಇದೇ. ಬೇರಿನ ಹೊರಗಿನ ನೀರು ಒಳಗಿನದಕ್ಕಿಂತ ಉಪ್ಪಾದರೆ ನೀರು ಬೇರಿನೊಳಕ್ಕೆ ಹೋಗಲು ಒಪ್ಪುವುದಿಲ್ಲ. ಉಪ್ಪಿನಕಾಯಿಗೆ ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುತ್ತದಲ್ಲ, ಅದೇ.

ಇದರ ಮೇಲೆ ನಾನು ಗೊಬ್ಬರ ಹೊಯ್ದಿದ್ದೆ. ಗೊಬ್ಬರವೂ ಉಪ್ಪೇ ಅನ್ನುವುದು ನನಗೆ ಆವತ್ತಿನ ತನಕ ತಲೆಗೆ ಹೋಗಿರಲಿಲ್ಲ, ಇದನ್ನು ಬರೆಯಲು ಕೂತಿದ್ದೂ ಅದನ್ನು ಹೇಳಲೇ. ಬೋರ್ ನೀರಿಗೆ ಲೀಟರಿಗೆ 5 ಗ್ರಾಂ 19:19:19 ಕಲಸಿ ಮೀಟರ್ ಇಟ್ಟೆ. 2.1 ಇದ್ದದ್ದು 6 ದಾಟಿತು. ಗೊಬ್ಬರಗಳಿಗೆ ಲವಣ ಸೂಚ್ಯಂಕ ಅಂತ ಒಂದು ಅಳತೆ ಇದೆ. ಸೋಡಿಯಂ ನೈಟ್ರೇಟನ್ನು 100 ಅಂತ ಹಿಡಿದು ಉಳಿದದ್ದನ್ನು ಹೋಲಿಸುತ್ತಾರೆ. ನಾವೆಲ್ಲ ಹಾಕುವ ಕೆಂಪು ಪೊಟ್ಯಾಷ್ ಸುಮಾರು 116, ಅಂದರೆ ಎಲ್ಲಕ್ಕಿಂತ ಮೇಲೆ. ಯೂರಿಯಾ 75ರ ಹತ್ತಿರ, ಡಿಎಪಿ 34ರ ಆಸುಪಾಸು, ಸೂಪರ್ ಫಾಸ್ಫೇಟ್ ಬರೀ 8. ಕೆಂಪು ಪೊಟ್ಯಾಷಿನಲ್ಲಿ ಅರ್ಧದಷ್ಟು ಕ್ಲೋರೈಡೇ ಇರುತ್ತದೆ, ಎಲೆಯ ಅಂಚು ಸುಡುವುದೂ ಕ್ಲೋರೈಡೇ. ಅಂದರೆ ಸುಟ್ಟ ಗಾಯಕ್ಕೆ ನಾನು ಸುಡುವುದನ್ನೇ ತಂದು ಹಚ್ಚಿದ್ದೆ. ಯೂರಿಯಾದ್ದು ಇನ್ನೊಂದು ತೊಂದರೆ. ನೀರಿಗೆ ಕಲಸಿದಾಗ ಅದು ಕರೆಂಟ್ ಹರಿಸುವುದಿಲ್ಲ, ಮೀಟರಿನಲ್ಲಿ ಕಾಣಿಸುವುದೇ ಇಲ್ಲ. ಮಣ್ಣಿಗೆ ಬಿದ್ದು ಕೆಲವು ದಿನದಲ್ಲಿ ಅಮೋನಿಯಂ, ನೈಟ್ರೇಟ್ ಆಗಿ ಬದಲಾದ ಮೇಲೆ ಇ.ಸಿ. ಏರುತ್ತದೆ.

ಉಳಿದ ಗಿಡಗಳನ್ನು ಉಳಿಸಬೇಕಿತ್ತು. ಮೊದಲು ಪ್ಲಾಸ್ಟಿಕ್ ಹಾಳೆ ತೆಗೆದು ಎರಡು ಇಂಚು ಜಲ್ಲಿ ಹರಡಿ ಅದರ ಮೇಲೆ ಕವರ್ ಜೋಡಿಸಿದೆವು. ತಳದಲ್ಲಿ ಕಬ್ಬಿಣದ ಕಡ್ಡಿಯಿಂದ ಇನ್ನೂ ನಾಲ್ಕು ತೂತು. ಆಮೇಲೆ ಕವರ್ ತೊಳೆಯುವ ಕೆಲಸ. ನೀರು ಕೊಟ್ಟು ಒಂದು ಗಂಟೆ ಬಿಟ್ಟು, ಮತ್ತೆ ಸ್ವಲ್ಪ ಹಾಕಿ, ತಳದಿಂದ ಇಳಿದದ್ದನ್ನು ತಟ್ಟೆಯಲ್ಲಿ ಹಿಡಿದು ಅಳೆದೆ. ಮೊದಲ ದಿನ 6.8 ಬಂತು. ಒಂದೂವರೆ ಲೀಟರ್ ನೀರನ್ನು ಒಂದೇ ಸಲ ಸುರಿಯದೆ ಮೂರು ಬಾರಿ ನಿಧಾನಕ್ಕೆ ಹಾಕುತ್ತಾ ಹೋದೆವು, ನಾಲ್ಕು ಜನ ಎರಡು ದಿನ ಅದೇ ಕೆಲಸ. ಕೊನೆಗೆ 2.9ಕ್ಕೆ ಇಳಿಯಿತು. ಬೋರ್ ನೀರೇ 2.1 ಇರುವಾಗ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಉಪ್ಪು ನೀರಿನಿಂದಲೇ ಉಪ್ಪನ್ನು ತೊಳೆಯುವುದಾ ಅಂತ ಪಕ್ಕದ ತೋಟದ ಅಣ್ಣ ಕೇಳಿದರು. ಹೌದು, ಆಗುತ್ತದೆ. ಹೊಳೆಯ ಕೆಸರು ನೀರಿನಲ್ಲೂ ಕೆಸರು ಮೆತ್ತಿದ ಕಾಲು ತೊಳೆಯಬಹುದು ಅಲ್ವಾ. ಅದೃಷ್ಟಕ್ಕೆ ಅದೇ ವಾರ ಒಂದು ಇಂಚು ಇಪ್ಪತ್ತು ಸೆಂಟು (1.2 ಇಂಚು) ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಂತು. ನೆರಳು ಪರದೆ ಬಿಚ್ಚಿಸಿ ಎಲ್ಲಾ ಕವರಿಗೂ ಮಳೆ ಬೀಳುವ ಹಾಗೆ ಮಾಡಿದೆ. ಮಾರನೇ ದಿನ ಅಳೆದರೆ 1.4! ಒಂದು ಮಳೆ ಮಾಡಿದ್ದನ್ನು ನಾವು ಎರಡು ದಿನ ಬೆವರು ಸುರಿಸಿದರೂ ಮಾಡಲಾಗಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಹೊಂಡ ತೋಡಿಸುವುದು ಅಂತ ಆಗಲೇ ತೀರ್ಮಾನ ಆಯಿತು. ಕೊಟ್ಟಿಗೆಯ ಮತ್ತು ಶೆಡ್ಡಿನ ಶೀಟ್ ಸೇರಿ 1,200 ಚದರ ಅಡಿ. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್. ನಮ್ಮ ಮಳೆಗೇ 70,000 ಲೀಟರ್ ಹಿಡಿಯಬಹುದು. 30 ಅಡಿ ಉದ್ದ, 20 ಅಡಿ ಅಗಲ, 6 ಅಡಿ ಆಳ, ಬದಿ ಇಳಿಜಾರು, ಒಳಗೆ ದಪ್ಪ ಟಾರ್ಪಾಲ್, ಮೇಲೆ ನೆರಳು ಪರದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಪೈಪಿಗೆ ಒಂದು ಬೇರೆ ಬಾಯಿ. ಖರ್ಚು ನಮಗೆ ಭಾರವೇ ಆಯಿತು, ಅತ್ತೆಯ ಹಸು ಸಾಲದ ಕಂತಿನ ಜೊತೆ ಇನ್ನೊಂದು ಕಂತು. ಆದರೆ ಹೊಂಡದ ನೀರಿನ ಇ.ಸಿ. 0.1. ಬೋರ್ ನೀರಿಗೆ ಸಮ ಸಮ ಬೆರೆಸಿದರೆ 1.1. ಒಂದಕ್ಕೆ ಎರಡು ಮಳೆ ನೀರು ಬೆರೆಸಿದರೆ 0.8ರ ಹತ್ತಿರ. ಕಾಫಿಗೂ ಸಿಲ್ವರ್‌ಗೂ ಎರಡನೆಯದು, ಉಳಿದದ್ದಕ್ಕೆ ಸಮ ಸಮ. ಹೊಂಗೆ, ಹುಣಸೆ, ಬೇವಿಗೆ ಬೇಸಿಗೆಯ ಕೊನೆಯಲ್ಲಿ ಬರೀ ಬೋರ್ ನೀರು ಕೊಟ್ಟರೂ ತಡೆದುಕೊಂಡವು.

ಎರಡನೇ ವರ್ಷ ಮಣ್ಣಿನ ಮಿಶ್ರಣವನ್ನೂ ಬದಲಿಸಿದೆ. ಸುಣ್ಣ ಪೂರ್ತಿ ಬಿಟ್ಟೆ. ಹುಳಿ ಮಣ್ಣಿಗೆ ಸುಣ್ಣ ಹಾಕುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ತೋಟಕ್ಕೆ ಅದು ಸರಿಯೇ. ಆದರೆ ನಮ್ಮ ಬೋರ್ ನೀರಿನ ಬೈಕಾರ್ಬನೇಟೇ ಮಣ್ಣಿನ ಪಿಹೆಚ್ ಏರಿಸುತ್ತಿತ್ತು, ಅದರ ಮೇಲೆ ಸುಣ್ಣ ಬೇರೆ. ಹಾಗಾಗಿಯೇ ಕೆಲವು ಗಿಡಗಳಲ್ಲಿ ಚಿಗುರು ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿತ್ತು. ಅದು ಕಬ್ಬಿಣದ ಅಂಶ ಸಿಗದ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಪಿಹೆಚ್ ಏರಿದರೆ ಗಿಡಕ್ಕೆ ಸಿಗುವುದಿಲ್ಲ. ಒಂದು ಗುರುತು ಹೇಳುತ್ತೇನೆ: ಹಳೆಯ ಎಲೆಯ ಅಂಚು ಸುಟ್ಟಿದ್ದರೆ ಮೊದಲು ಉಪ್ಪನ್ನು ಅನುಮಾನಿಸಿ, ಹೊಸ ಎಲೆ ಹಳದಿ ಆದರೆ ಪಿಹೆಚ್ ನೋಡಿ. ಸುಣ್ಣದ ಬದಲು ಜಿಪ್ಸಂ ಬೆರೆಸಿದೆ. ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಪಿಹೆಚ್ ಏರಿಸುವುದಿಲ್ಲ. ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕು, ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಪ್ರಯೋಜನ ಇಲ್ಲ. ಮರಳನ್ನು ಒಂದು ಪಾಲಿನಿಂದ ಎರಡಕ್ಕೆ ಏರಿಸಿದೆ. ಕೋಳಿ ಗೊಬ್ಬರ ಹಾಕಿ ಅಂತ ತುಂಬಾ ಜನ ಹೇಳಿದರು. ಒಂದು ಪಾಲು ಗೊಬ್ಬರಕ್ಕೆ ಐದು ಪಾಲು ಮಳೆ ನೀರು ಹಾಕಿ ಕದಡಿ ಅಳೆದು ನೋಡಿದೆ, ಕೊಟ್ಟಿಗೆ ಗೊಬ್ಬರದ ಮೂರರಷ್ಟು ಬಂತು. ಬೇಡ ಅಂತ ಬಿಟ್ಟೆ.

ನೀರು ಹಾಕುವ ರೀತಿ ಬದಲಾಯಿತು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಉಪ್ಪು ನೀರಿಗೆ ಅತಿ ಕೆಟ್ಟ ಪದ್ಧತಿ, ಮೇಲಿನ ಎರಡು ಇಂಚು ಮಾತ್ರ ಒದ್ದೆಯಾಗಿ ಒಣಗಿ ಉಪ್ಪು ಅಲ್ಲೇ ಕಟ್ಟುತ್ತದೆ. ಈಗ ದಿನ ಬಿಟ್ಟು ದಿನ ಅರ್ಧ ಲೀಟರ್, ಅದರಲ್ಲಿ ನಾಲ್ಕನೇ ಒಂದು ಪಾಲು ತಳದಿಂದ ಇಳಿದು ಹೋಗಲೇಬೇಕು. ಈ ನಾಲ್ಕನೇ ಒಂದು ಪಾಲಿಗೂ ಸೂತ್ರ ಇದೆ: ನೀರಿನ ಇ.ಸಿ.ಯನ್ನು, ಮಣ್ಣಿನಲ್ಲಿ ಗಿಡ ತಡೆಯುವ ಇ.ಸಿ.ಯ ಐದು ಪಟ್ಟಿನಲ್ಲಿ ನೀರಿನದನ್ನು ಕಳೆದು ಬಂದದ್ದರಿಂದ ಭಾಗಿಸಬೇಕು. ಬರೀ ಬೋರ್ ನೀರು 2.1, ಮಣ್ಣಿಗೆ 2 ಅಂತ ಇಟ್ಟರೆ 2.1 ಭಾಗಿಸು 7.9, ಅಂದರೆ ಶೇಕಡಾ 27. ಬೆರಕೆ ನೀರಿಗೆ ಇದರ ಅರ್ಧ ಸಾಕು, ನಾನು ಧೈರ್ಯಕ್ಕೆ ಜಾಸ್ತಿಯೇ ಬಿಡುತ್ತೇನೆ. ನೀರನ್ನು ಎಲೆ ಮೇಲೆ ಹಾಕುವುದು ಬಿಟ್ಟು ಪೈಪಿನಲ್ಲಿ ಬುಡಕ್ಕೆ ಕೊಡುತ್ತೇವೆ. ಎಲೆ ಮೇಲೆ ಒಣಗಿದ ಹನಿಯಿಂದ ಸೋಡಿಯಂ, ಕ್ಲೋರೈಡ್ ಎಲೆಯೇ ನೇರವಾಗಿ ಹೀರಿಕೊಳ್ಳುತ್ತದೆ. ಕವರಿನ ಮೇಲೆ ತರಗು ಮುಚ್ಚುತ್ತೇವೆ, ಬಿಳಿ ಪುಡಿ ಕಟ್ಟುವುದು ಬಹಳ ಕಡಿಮೆ ಆಗಿದೆ.

ಗೊಬ್ಬರದ ವಿಷಯ ಮಾತ್ರ ನನಗೆ ಸ್ವಂತ ಕಣ್ಣಿನಿಂದ ನೋಡಬೇಕಿತ್ತು. ಸಿಲ್ವರ್ 40 ಕವರ್‌ನಂತೆ ಐದು ಸಾಲು ಬೇರೆ ಇಟ್ಟೆ. ಮಳೆ ನೀರು ಬರೀ. ಮಳೆ ನೀರು ಮತ್ತು ಗೊಬ್ಬರ. ಬೋರ್ ನೀರು ಬರೀ. ಬೋರ್ ನೀರು ಮತ್ತು ಅಷ್ಟೇ ಗೊಬ್ಬರ. ಬೋರ್ ನೀರು ಮತ್ತು ಅರ್ಧ ಗೊಬ್ಬರ, ಅದೂ ಸೂಪರ್ ಫಾಸ್ಫೇಟ್, ಬಿಳಿ ಪೊಟ್ಯಾಷ್ ಅಂದರೆ ಸಲ್ಫೇಟ್ ರೂಪದ್ದು, ಚಿಟಿಕೆ ಯೂರಿಯಾವನ್ನು ನಾಲ್ಕು ಕಂತಿನಲ್ಲಿ. ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಸ್ಕೇಲ್ ಹಿಡಿದು ಅಳೆದೆ. ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಮಳೆ ನೀರಿನ ಜೊತೆ ಗೊಬ್ಬರ ಪಡೆದವು ಎಲ್ಲಕ್ಕಿಂತ ಎತ್ತರ, ಇದು ಯಾರಿಗೂ ಆಶ್ಚರ್ಯ ಅಲ್ಲ. ಬೋರ್ ನೀರಿಗೆ ಪೂರ್ತಿ ಗೊಬ್ಬರ ಪಡೆದವು ಗೊಬ್ಬರವೇ ಇಲ್ಲದ ಬೋರ್ ಸಾಲಿಗಿಂತ ಗಿಡ್ಡ, 40ರಲ್ಲಿ 17 ಸತ್ತವು. ಗೊಬ್ಬರವಿಲ್ಲದ ಬೋರ್ ಸಾಲಿನಲ್ಲಿ ಸತ್ತದ್ದು 6. ಅರ್ಧ ಗೊಬ್ಬರದ ಸಾಲು ಬೋರ್ ನೀರಿನ ಮೂರರಲ್ಲಿ ಮುಂದೆ ಇತ್ತು, ಸತ್ತದ್ದು 5. ಅದೇ ಗೊಬ್ಬರ, ಒಂದು ನೀರಿನಲ್ಲಿ ಊಟ, ಇನ್ನೊಂದು ನೀರಿನಲ್ಲಿ ವಿಷ. ಪಕ್ಕದಲ್ಲಿ ಹೊಂಗೆಯನ್ನೂ ಇಟ್ಟಿದ್ದೆ. ಅದರ ಸಾಲುಗಳಲ್ಲಿ ಅಷ್ಟು ವ್ಯತ್ಯಾಸವೇ ಕಾಣಲಿಲ್ಲ, ಒಂದು ಗಿಡವೂ ಸಾಯಲಿಲ್ಲ. ಅದನ್ನು ನೋಡಿ ಮಾವ ಹೊಂಗೆ ಕವರ್ ಎರಡರಷ್ಟು ಮಾಡೋಣ ಅಂದರು, ಮಾಡಿದ್ದೇವೆ.

ಒಂದು ಎಡವಟ್ಟು ಇನ್ನೂ ಪೂರ್ತಿ ಬಗೆಹರಿದಿಲ್ಲ. ನಾಲ್ಕನೇ ಒಂದು ಪಾಲು ನೀರು ತಳದಿಂದ ಇಳಿಯುವಾಗ ಉಪ್ಪಿನ ಜೊತೆ ನೈಟ್ರೇಟೂ ಇಳಿದು ಹೋಗುತ್ತದೆ. ಹಾಗಾಗಿ ಗೊಬ್ಬರವನ್ನು ನೀರು ಇಳಿಸಿದ ಮಾರನೇ ದಿನ, ತುಂಬಾ ತೆಳುವಾಗಿ, ಹತ್ತು ದಿನಕ್ಕೊಮ್ಮೆ ಕೊಡುತ್ತೇನೆ. ಕೆಲಸ ಜಾಸ್ತಿ. ಇಳಿದು ಹೋದ ನೀರು ಜಲ್ಲಿಯ ಕೆಳಗಿನ ನೆಲಕ್ಕೇ ಸೇರುತ್ತದೆ ಅನ್ನುವುದೂ ನನ್ನ ಮನಸ್ಸಿಗೆ ಚುಚ್ಚುತ್ತಲೇ ಇದೆ. ಈ ವರ್ಷ ಅದನ್ನು ಒಂದು ಕಾಲುವೆಗೆ ತಿರುಗಿಸಿ ಬೇಲಿ ಸಾಲಿನ ಸರ್ವೆ ಮರಗಳಿಗೆ ಬಿಟ್ಟಿದ್ದೇನೆ. ಸರ್ವೆ ಸಮುದ್ರದ ದಂಡೆಯಲ್ಲೇ ಬೆಳೆಯುವ ಮರ, ಅದಕ್ಕೆ ಇಷ್ಟು ಉಪ್ಪು ಲೆಕ್ಕಕ್ಕಿಲ್ಲ.

ಹೋದ ಜೂನ್‌ನಲ್ಲಿ ಸೋಮವಾರಪೇಟೆ ಕಡೆಯ ಒಬ್ಬರು 800 ಸಿಲ್ವರ್ ತೆಗೆದುಕೊಂಡು ಹೋದರು. ಉಪ್ಪು ನೀರಿನಲ್ಲಿ ಬೆಳೆದ ಗಿಡ ಅಂತ ನಾನೇ ಮೊದಲು ಹೇಳಿದೆ, ಮುಚ್ಚಿಟ್ಟು ಮಾರಲು ಮನಸ್ಸು ಬರಲಿಲ್ಲ. ಸಾಗಿಸುವ ಮುಂಚೆ ಹತ್ತು ದಿನ ಬರೀ ಹೊಂಡದ ನೀರು ಕೊಟ್ಟು ತೊಳೆದು ಕಳಿಸಿದ್ದೆ. ಅವರ ಕಡೆಯ ಮಳೆಗೆ ಉಳಿದದ್ದೂ ತೊಳೆದು ಹೋಗಿರಬೇಕು. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಫೋನ್ ಮಾಡಿದರು. ಹನ್ನೆರಡು ಗಿಡ ಹೋಗಿವೆ, ಅದರಲ್ಲಿ ಏಳು ಕಾಡು ಹಂದಿ ಅಗೆದದ್ದು, ಉಳಿದವು ಮೊಣಕಾಲು ದಾಟಿವೆ ಅಂದರು. ಫೋನ್ ಇಟ್ಟು ಮಾವನಿಗೆ ಹೇಳಲು ಹೋದರೆ ಅವರು ಹೊಂಡದ ದಂಡೆಯಲ್ಲಿ ಪೈಪಿನ ಬಾಯಿಗೆ ಸಿಕ್ಕಿದ್ದ ತರಗು ತೆಗೆಯುತ್ತಿದ್ದರು.